ಅಣ್ಣನ ಮನೆಗೆ ಆರೋಗ್ಯದ ಬುತ್ತಿ

"ನಾಳಿ ಮಧ್ಯಾಹ್ನದ ಬುತ್ತಿ ನಾನ ಮಾಡ್ತೇನಿ! ಅದೂ ಎಂಥಾದ್ದು? ಆರೋಗ್ಯದ್ದು! ಇಡೀ ಧಾರವಾಡದಾಗ ಇಲ್ಲಿ ತನಕಾ ಯಾವ ಸತ್ತವರ ಮನಿಗೂ ಹೋಗಿಲ್ಲ, ಅಂಥಾದ್ದು!"

ಶಂಭುಲಿಂಗ ಮಾಸ್ತರ ಅಡುಗೆಮನೆಯ ನಟ್ಟನಡುವೆ ನಿಂತು ಹೀಗೆ ಸಾರಿದಾಗ, ಅವನು ತನ್ನ ಅಣ್ಣ ಶಾಂತಯ್ಯನನ್ನು ಮಣ್ಣು ಮಾಡಿ ಬಂದು ಇನ್ನೂ ಎರಡು ತಾಸಾಗಿರಲಿಲ್ಲ. ಸ್ನಾನ ಮಾಡಿದ ತಲೆಯಿಂದ ನೀರು ಇಳಿಯುತ್ತಿತ್ತು. ಹೆಂಡತಿ ಕರುಣಾ ಬಲಗೈಯನ್ನು ಮೊಣಕೈವರೆಗೆ ಪ್ಲಾಸ್ಟರಿಗೆ ಒಪ್ಪಿಸಿ ಕುರ್ಚಿಯ ಮೇಲೆ ಕೂತಿದ್ದಳು. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ರೊಟ್ಟಿ ತಟ್ಟುವ ಕೈ ಅದೇ.

"ಆ ಕೊನಿ ಮಾತು ಖರೇ ಐತಿ ನೋಡ್ರಿ," ಎಂದಳು ಅವಳು. "ಇಲ್ಲಿ ತನಕಾ ಯಾರ ಮನಿಗೂ ಹೋಗಿಲ್ಲ. ಹೋಗಬಾರದು ಅಂತನ ಹೋಗಿಲ್ಲ. ಸುಮ್ಮನ ಹೊಳೆವ್ವನ ರೊಟ್ಟಿ ಕೇಂದ್ರಕ್ಕ ಫೋನ್ ಹಚ್ಚಿ ನೂರು ರೊಟ್ಟಿ, ಝುಣಕ ಹೇಳ್ರಿ."

"ಕೊಂಡ ರೊಟ್ಟಿ? ಒಡಹುಟ್ಟಿದ ಅಣ್ಣನ ಮನಿಗೆ?"

ಶಂಭುಲಿಂಗ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರ. ವಯಸ್ಸು ಐವತ್ತು. ಇಪ್ಪತ್ತಾರು ವರ್ಷ ಮೈದಾನದಲ್ಲಿ ನಿಂತು ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಸಾಲಿನಲ್ಲಿ ನಿಲ್ಲಲು ಹೇಳಿದಂತೆ ಕೇಳುತ್ತಿತ್ತು. ಇಂಥವನ ಹತ್ತಿರ ವಾದ ಮಾಡಿ ಗೆದ್ದವರು ಸಪ್ತಾಪುರದಲ್ಲಿ ಒಬ್ಬರೂ ಇಲ್ಲ. ಸೋತವಳು ಮಾತ್ರ ದಿನಾ ಅದೇ ಕುರ್ಚಿಯ ಮೇಲೆ ಕೂಡುತ್ತಾಳೆ.

ಬುತ್ತಿಯ ಸಂಗತಿ ಸಣ್ಣದಲ್ಲ. ಮಣ್ಣಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತುವುದಿಲ್ಲ. ಬೀಗರು, ಬಳಗದವರು ಪಾಳಿ ಹಚ್ಚಿ ಊಟ ಒಯ್ಯುತ್ತಾರೆ. ಜೋಳದ ರೊಟ್ಟಿ, ಝುಣಕ, ಒಂದು ಪಲ್ಯ, ಮೊಸರು. ಇಷ್ಟೇ. ಸಿಹಿ ಮಾತ್ರ ಹೊಸ್ತಿಲು ದಾಟಬಾರದು. ಶಾಂತಯ್ಯನ ಮನೆಗೆ ಮೊದಲ ಬುತ್ತಿ ಉಪ್ಪಿನಬೆಟಗೇರಿಯ ಬೀಗರಿಂದ, ಎರಡನೆಯದು ಮುಗದದ ಬಳಗದಿಂದ, ಮೂರನೆಯದು ತಮ್ಮನಿಂದ. ಪಾಳಿ ಹಚ್ಚಿದವಳು ಸೋದರತ್ತೆ ಕಸ್ತೂರೆವ್ವ. ಎಂಬತ್ತೆರಡು ವರ್ಷದ ಈ ಮುದುಕಿ ಇಡೀ ಬಳಗದ ಕಂಟ್ರೋಲ್ ರೂಮು. ಶಾಂತಯ್ಯನ ಮನೆಯ ಅಂಗಳದಲ್ಲೇ ಶಂಭುಲಿಂಗನ ತೋಳು ಹಿಡಿದು ಎಳೆದು ಹೇಳಿದ್ದಳು:

"ನೋಡು ಶಂಭೂ, ದಾನವ್ವ ಮುಂಜಾನಿಂದ ಒಂದು ಕಾಳು ಬಾಯಾಗ ಹಾಕಿಲ್ಲ. ನಾಳಿ ನಿನ್ನ ಬುತ್ತಿ ಉಂಡ್ಳು ಅಂದ್ರ ಮನಿ ಕೂಡಿದಂಗ. ದೂಡಿದ್ಳು ಅಂದ್ರ ಇನ್ನ ಮ್ಯಾಲ ಈ ಹೊಸ್ತಲಾ ನೀ ತುಳಿಯಂಗಿಲ್ಲ. ಬರೋಬ್ಬರಿ ತಿಳಕೊಂಡ ಮಾಡು."

ದಾನವ್ವ ಎಂದರೆ ಶಾಂತಯ್ಯನ ಹೆಂಡತಿ, ಶಂಭುಲಿಂಗನ ವೈನಿ. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಶಂಭುಲಿಂಗ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ. ಅವನ ತಲೆಗೆ ಎಣ್ಣೆ ಹಚ್ಚಿ, ಶಾಲೆಗೆ ರೊಟ್ಟಿ ಕಟ್ಟಿ ಕಳಿಸಿ, ಪಿ.ಟಿ. ಮಾಸ್ತರ ಆಗುವಷ್ಟು ಮೈ ಬರಿಸಿದವಳು ಅವಳೇ. ಅಂಥ ವೈನಿ ಮೂರು ವರ್ಷದಿಂದ ಅವನ ಹತ್ತಿರ ಒಂದು ಮಾತಾಡಿರಲಿಲ್ಲ.

ಕಾರಣ? ಕೇಳಿದರೆ ನಗುತ್ತೀರಿ. ಶಾಂತಯ್ಯನ ಮಗಳು ಐಶ್ವರ್ಯಾಳ ಲಗ್ನ. ಊಟದ ಪಂಕ್ತಿ. ಎದುರು ಸಾಲಿನಲ್ಲಿ ಗಂಡಿನವರು. ಶಂಭುಲಿಂಗನ ಎಲೆಗೆ ಹುಗ್ಗಿ ಬಿತ್ತು, ತುಪ್ಪ ಬೀಳುವುದು ತಡವಾಯಿತು. ಮೈದಾನದ ದನಿಯಲ್ಲಿ ಅವನು ಕೂಗಿದ: "ಅಣ್ಣಾ, ತುಪ್ಪ ಕಾಣವಲ್ದಲ್ಲೋ! ಲಗ್ನ ಮಾಡಾಕತ್ತೀಯೋ, ಪಥ್ಯ ಮಾಡಾಕತ್ತೀಯೋ?" ಗಂಡಿನವರು ಗೊಳ್ಳೆಂದು ನಕ್ಕರು. ಶಾಂತಯ್ಯ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಒಳಗೆ ಹೋದ.

ಅಷ್ಟೇ ರೀ! ಒಂದು ಸೌಟು ತುಪ್ಪ! ತಮ್ಮ ಬಂದು ತಪ್ಪಾಯಿತು ಅನ್ನಲಿ ಎಂದು ಅಣ್ಣ ಕಾದ. ಅಣ್ಣ ಒಂದು ಸಲ ಕರೆಯಲಿ ಎಂದು ತಮ್ಮ ಕಾದ. ಮೂರು ದೀಪಾವಳಿ ಹೋದವು. ಅಣ್ಣನ ಕೆಲಗೇರಿಗೂ ತಮ್ಮನ ಸಪ್ತಾಪುರಕ್ಕೂ ಆಟೋದಲ್ಲಿ ಹತ್ತು ನಿಮಿಷ, ಅಷ್ಟು ದೂರವನ್ನು ಇಬ್ಬರಿಗೂ ದಾಟಲಾಗಲಿಲ್ಲ. ಸೋಮವಾರ ಮುಂಜಾನೆ ಶಾಂತಯ್ಯ ಕಟ್ಟೆಯ ಮೇಲೆ ಕೂತು ವಾಕಿಂಗ್ ಬೂಟಿನ ಲೇಸು ಕಟ್ಟುತ್ತಿದ್ದ, ಕಟ್ಟುತ್ತ ಕಟ್ಟುತ್ತ ಮುಂದಕ್ಕೆ ವಾಲಿದ. ಅರವತ್ತನಾಲ್ಕಕ್ಕೆ ಮುಗಿಯಿತು. ಶಂಭುಲಿಂಗ ಓಡಿ ಹೋಗಿ ಅಣ್ಣನ ಮುಖ ನೋಡಿದ. ಮೂರು ವರ್ಷದ ಮಾತು ಗಂಟಲವರೆಗೆ ಬಂತು. ಕೇಳುವವನು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಅತ್ತು ಹಗುರಾಗುತ್ತಿದ್ದರು. ನಮ್ಮ ಮಾಸ್ತರ ಕಾರಣ ಹುಡುಕಿದ. ಸಿಕ್ಕಿತು ಕೂಡ: ಎಣ್ಣೆ! ತುಪ್ಪ! ಮಿರ್ಚಿ ಭಜಿ! ಹತ್ತಿ ದಲಾಲಿಯ ಅಡ್ಡೆಯಲ್ಲಿ ಶಾಂತಯ್ಯ ಒಮ್ಮೆಗೆ ಎಂಟು ಮಿರ್ಚಿ ತಿಂದು ಮೇಲೊಂದು ಚಹಾ ಕುಡಿದದ್ದನ್ನು ಇವನು ಕಣ್ಣಾರೆ ಕಂಡಿದ್ದ. ಮಣ್ಣು ಹಾಕುವಾಗಲೇ ಪಕ್ಕದವರಿಗೆ ಹೇಳಿದ, "ಬಾಯಿ ಕಟ್ಟಲಿಲ್ಲ ನಮ್ಮಣ್ಣ." ಪಕ್ಕದವರು ಸ್ವಲ್ಪ ದೂರ ಸರಿದು ನಿಂತರು.

ಈ ಅಧಿಕಾರ ಅವನಿಗೆ ಎಲ್ಲಿಂದ ಬಂತು ಎಂದರೆ, ಕುಸ್‌ಕುಸ್‌ನಿಂದ. ಒಂದೂವರೆ ವರ್ಷದ ಹಿಂದೆ ಡಾಕ್ಟರು ಅವನ ರಕ್ತದ ಚೀಟಿ ನೋಡಿ "ಸಕ್ಕರಿ ಅಂಚಿಗೆ ಬಂದೈತ್ರೀ ಮಾಸ್ತರ" ಎಂದಿದ್ದರು. ಅಂದು ಸಂಜೆ ಸುಭಾಸ ರಸ್ತೆಯಲ್ಲಿ ಒಣಹಣ್ಣಿನ ಅಂಗಡಿ ಇಟ್ಟ ಗೌಸಮೊದ್ದೀನ ಒಂದು ಹಸಿರು ಪಾಕೀಟು ಕೊಟ್ಟ. ಒಳಗೆ ಕಂದು ಬಣ್ಣದ ಸಣ್ಣ ಕಾಳು. ಗೋಧಿ ರವೆಯನ್ನೇ ನೀರು ಚಿಮುಕಿಸಿ ಉದುರುದುರು ಹೊಸೆದು ಒಣಗಿಸಿದ್ದು. ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಅರಳುತ್ತದೆ. ಸೌತೆಕಾಯಿ, ಟೊಮೆಟೊ, ಕೊತ್ತಂಬರಿ ಹೆಚ್ಚಿ ಹಾಕಿ ಲಿಂಬೆ ಹಿಂಡಿದರೆ ಸಲಾಡ್. ಒಲೆಯ ಮುಂದೆ ನಿಲ್ಲಬೇಕಿಲ್ಲ, ಒಗ್ಗರಣೆ ಬೇಕಿಲ್ಲ. ಅಂದಿನಿಂದ ಶಂಭುಲಿಂಗ ದಿನಾ ಒಂದು ಬಟ್ಟಲು ತಿಂದು, ಕಂಡಕಂಡವರಿಗೆಲ್ಲ ಅದರ ಮಹಿಮೆ ಸಾರತೊಡಗಿದ. ಸ್ಟಾಫ್ ರೂಮಿನಲ್ಲಿ ಅವನು ಡಬ್ಬಿ ತೆಗೆದರೆ ಉಳಿದವರಿಗೆ ಥಟ್ಟನೆ ಪೇಪರ್ ತಿದ್ದುವ ಕೆಲಸ ನೆನಪಾಗುತ್ತಿತ್ತು.

ಈಗ ಅವನ ತಲೆಯಲ್ಲಿ ಒಂದೇ ಹಟ. ಅಣ್ಣನನ್ನಂತೂ ಉಳಿಸಲಿಲ್ಲ, ಅಣ್ಣನ ಮನೆಯನ್ನಾದರೂ ಉಳಿಸಬೇಕು. ತನ್ನ ಕೈಯಾರೆ ಮಾಡಿದ್ದನ್ನು ವೈನಿ ಉಣ್ಣಬೇಕು. ಹಟದ ಕೆಳಗೆ ಏನಿತ್ತೆಂದರೆ ಬರೀ ಅಳು. ಆದರೆ ಅದನ್ನು ಅವನಿಗೆ ಹೇಳುವವರು ಯಾರು?

ಸಂಜೆ ಅವನು ಗೌಸಮೊದ್ದೀನನ ಅಂಗಡಿಗೆ ಹೋದ.

"ಅಣ್ಣಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತ್ರಿ ಮಾಸ್ತರ," ಎಂದು ಗೌಸಮೊದ್ದೀನ ಎದ್ದು ನಿಂತ. "ಮೊನ್ನಿ ಶನಿವಾರ ಇಲ್ಲೇ ನಿಂತು..."

"ಆತು ಗೌಸಭಾಯಿ, ಆಗೂದು ಆತು. ಕುಸ್‌ಕುಸ್ ಎಷ್ಟು ಪಾಕೀಟು ಅದಾವು?"

"ಹನ್ನೆರಡು ಅದಾವ್ರಿ. ಆದ್ರ ಅಣ್ಣಾರು..."

"ಹನ್ನೆರಡೂ ಕಟ್ಟು!"

ಗೌಸಮೊದ್ದೀನ ಮಾತು ನುಂಗಿ ಪಾಕೀಟು ಕಟ್ಟಿದ. ಕಣ್ಣು ಒರೆಸಿಕೊಂಡು ಅದರ ಜೊತೆಗೆ ಒಂದು ಕಿಲೋ ಒಣದ್ರಾಕ್ಷಿ, ಅರ್ಧ ಕಿಲೋ ಗೋಡಂಬಿ, ತುರಿದ ಒಣಕೊಬ್ಬರಿ ಇಟ್ಟ. "ಇದು ನನ್ನ ಕಡಿಯಿಂದ ಇರ್ಲಿ. ಅವರ ಹೆಸರಲೆ," ಎಂದ. ಬೇಡ ಎನ್ನಲು ಮನಸ್ಸು ಬರಲಿಲ್ಲ.

ಮಂಗಳವಾರ ಮುಂಜಾನೆ ಆರಕ್ಕೆ ಮಹಾಯಜ್ಞ ಸುರುವಾಯಿತು. ಶಂಭುಲಿಂಗ ಲೆಕ್ಕದಲ್ಲಿ ಸೋಲುವ ಮನುಷ್ಯನಲ್ಲ. ಅಣ್ಣನ ಮನೆಯಲ್ಲಿ ನಲವತ್ತು ಜನ. ಒಬ್ಬರಿಗೆ ಎಷ್ಟು ಬೇಕು? ಒಂದು ಬಟ್ಟಲು. ನಲವತ್ತು ಬಟ್ಟಲು ಒಣ ಕಾಳು ಅಳೆದ. ಬಟ್ಟಲೊಳಗೆ ತಾನು ದಿನಾ ತಿನ್ನುತ್ತಿದ್ದದ್ದು ಅರಳಿದ ಕಾಳು ಎಂಬ ಸಂಗತಿ ಅವನ ನೆನಪಿಗೆ ಬರಲಿಲ್ಲ. ಮನೆಯಲ್ಲಿದ್ದ ಅತಿ ದೊಡ್ಡ ಪಾತೇಲಿಗೆ ಆರು ಕಿಲೋ ಸುರಿದು, ಕುದಿನೀರು ಹೊಯ್ದು, ಮುಚ್ಚಳ ಮುಚ್ಚಿ, ಕೈಗಡಿಯಾರ ನೋಡುತ್ತ ನಿಂತ.

ಎರಡನೆಯ ನಿಮಿಷಕ್ಕೆ ಮುಚ್ಚಳ ಎದ್ದಿತು.

"ಏನ್ರಿ, ಮುಚ್ಚಳ ಏಳಾಕತ್ತೈತಿ!"

"ಉಗಿ ಅದು. ಸುಮ್ಮನಿರು."

ಮೂರನೆಯ ನಿಮಿಷಕ್ಕೆ ಮುಚ್ಚಳ ಪಕ್ಕಕ್ಕೆ ಜಾರಿ ನೆಲಕ್ಕೆ ಬಿದ್ದು ಠಣಠಣ ಸುತ್ತಿತು. ಅದರ ಹಿಂದೆಯೇ ಕಾಳು ಇಳಿಯತೊಡಗಿತು. ಶಂಭುಲಿಂಗ ಪರಾತ ತಂದು ತುಂಬಿದ. ಪರಾತ ತುಂಬಿತು. ಹಿಟ್ಟು ನಾದುವ ಬುಟ್ಟಿ ತುಂಬಿತು. ಕುಕ್ಕರ್, ಎರಡು ಬೋಗುಣಿ, ಬ್ಯಾಡ್ಮಿಂಟನ್ ಪಂದ್ಯದಲ್ಲಿ ಗೆದ್ದ ಹಿತ್ತಾಳೆಯ ಕಪ್ಪು, ಎಲ್ಲವೂ ತುಂಬಿದವು. ಕಾಳು ನಿಲ್ಲಲಿಲ್ಲ. ಕರುಣಾ ಎಡಗೈಯಿಂದ ಬೋಗುಣಿ ಒಡ್ಡುತ್ತ, "ನಮ್ಮ ಮನ್ಯಾಗ ನುಚ್ಚು ಎಂದೂ ಹಿಂಗ ಮೈಮ್ಯಾಲ ಬಂದಿಲ್ಲ ನೋಡ್ರಿ," ಎಂದಳು.

"ಇದಕ್ಕ ಅನ್ನೂದು ಸಮೃದ್ಧಿ!"

"ಇದಕ್ಕ ಅನ್ನೂದು ಫಜೀತಿ!"

ಎಂಟಕ್ಕೆ ಅದೆಲ್ಲ ಎರಡು ದೊಡ್ಡ ಸ್ಟೀಲಿನ ಡಬ್ಬಿಗಳಿಗೆ ಇಳಿಯಿತು. ಉಳಿದದ್ದು ಕುಕ್ಕರಿನಲ್ಲೇ ಇತ್ತು. ಗೌಸಮೊದ್ದೀನನ ದ್ರಾಕ್ಷಿ, ಗೋಡಂಬಿ, ಕೊಬ್ಬರಿಯನ್ನು ಶಂಭುಲಿಂಗ ಎರಡೂ ಕೈಯಿಂದ ಭಕ್ತಿಯಿಂದ ಬೆರೆಸಿದ. ಆಮೇಲೆ ಹದಿನೈದು ಸೌತೆಕಾಯಿ, ಮೂರು ಕಿಲೋ ಟೊಮೆಟೊ, ಕಟ್ಟುಗಟ್ಟಲೆ ಕೊತ್ತಂಬರಿ ಹೆಚ್ಚಿ ಮೂರನೆಯ ಡಬ್ಬಿಗೆ ಹಾಕಿದ.

"ಉಪ್ಪು?" ಎಂದಳು ಕರುಣಾ.

"ಉಪ್ಪು, ಲಿಂಬಿ, ಮೆಣಸಿನಪುಡಿ ಎಲ್ಲಾ ಈ ಸೌತಿಕಾಯಿ ಡಬ್ಬ್ಯಾಗ. ಈಗ ಕೂಡಿಸಿದ್ರ ಸೌತಿಕಾಯಿ ನೀರು ಬಿಡ್ತೈತಿ. ಅಲ್ಲೇ ಹೋಗಿ ಎಲ್ಲಾರ ಕಣ್ಣ ಮುಂದ ಕೂಡಸೂದು. ಇದಕ್ಕ ಶಾಸ್ತ್ರ ಐತಿ!"

ಕರುಣಾ ಕಾಳಿನ ಡಬ್ಬಿಯೊಳಗೆ ಇಣುಕಿ ನೋಡಿದಳು. ಬಹಳ ಹೊತ್ತು ನೋಡಿದಳು. "ರೀ... ಇದು ನೋಡಿದ್ರ ನನಗ ಯಾಕೋ ಬ್ಯಾರೆ ಏನೋ ನೆನಪಾಗತೈತಿ. ಕೈ ಮುಗೀತೇನಿ, ಹೊಳೆವ್ವಗ ಇಪ್ಪತ್ತು ರೊಟ್ಟಿನಾದ್ರೂ ಹೇಳೋಣ್ರಿ."

"ನನ್ನ ಮ್ಯಾಲ ನಂಬಿಕಿ ಇಲ್ಲೇನು ನಿನಗ?"

"ನಿಮ್ಮ ಮ್ಯಾಲ ಐತ್ರಿ. ಕಾಳಿನ ಮ್ಯಾಲ ಇಲ್ಲ."

ಹನ್ನೆರಡೂವರೆಗೆ ಆಟೋ ಕೆಲಗೇರಿ ತಲುಪಿತು. ಕಾಳಿನ ಎರಡು ಡಬ್ಬಿ ಕಾಲ ಬಳಿ, ಸೌತೆಕಾಯಿ ಡಬ್ಬಿ ಸೀಟಿನ ಹಿಂದೆ. ಕರುಣಾ ಇಳಿದಳೋ ಇಲ್ಲವೋ, ಅಂಗಳದಲ್ಲಿದ್ದ ಹೆಂಗಸರು ಎದ್ದು ಬಂದು ಅವಳ ಕೊರಳಿಗೆ ಬಿದ್ದು ದನಿ ತೆಗೆದು ಅಳತೊಡಗಿದರು. ಅವಳೂ ಅತ್ತಳು. ಯಾರೋ ಬಂದು ಎರಡು ಡಬ್ಬಿ ಇಳಿಸಿಕೊಂಡರು. ಆಟೋದವನು ಸಂಕೋಚದ ಮನುಷ್ಯ. ಇಷ್ಟು ಜನ ಅಳುವಾಗ ಅಲ್ಲಿ ನಿಲ್ಲಬಾರದು ಎಂದು, ಬಾಡಿಗೆ ಕಿಸೆಗಿಟ್ಟು, ಹಾರ್ನ್ ಕೂಡ ಹೊಡೆಯದೆ, ಮೆಲ್ಲಗೆ ಗಾಡಿ ತಿರುಗಿಸಿ ಹೋದ. ಅವನ ಸೀಟಿನ ಹಿಂದೆ ಸೌತೆಕಾಯಿ, ಟೊಮೆಟೊ, ಲಿಂಬೆ, ಮತ್ತು ಇಡೀ ಬುತ್ತಿಯ ಉಪ್ಪು ಹೋಯಿತು.

ಶಂಭುಲಿಂಗನಿಗೆ ಇದು ತಿಳಿದದ್ದು ನಡುಮನೆಯಲ್ಲಿ ಎಲ್ಲರೂ ತಾಟಿನ ಮುಂದೆ ಕೂತ ಮೇಲೆ.

ಗೋಡೆಗೆ ಶಾಂತಯ್ಯನ ಫೋಟೋ ಒರಗಿಸಿ ವಿಭೂತಿ ಹಚ್ಚಿದ್ದರು. ಅದರ ಬದಿಗೆ ದಾನವ್ವ ಗೋಡೆಗೆ ತಲೆ ಆನಿಸಿ ಕೂತಿದ್ದಳು. ನಿನ್ನೆಯ ಬುತ್ತಿಯನ್ನೂ ಮುಟ್ಟಿಲ್ಲ, ಮುಂಜಾನೆಯದನ್ನೂ ಮುಟ್ಟಿಲ್ಲ. ಒಣಗಿದ ತುಟಿ. ಪಕ್ಕದಲ್ಲಿ ಮಗಳು ಐಶ್ವರ್ಯಾ ತಾಯಿಯ ಕೈ ಹಿಡಿದು ಕೂತಿದ್ದಳು. ಶಂಭುಲಿಂಗ ಒಳಗೆ ಬಂದಾಗ ದಾನವ್ವ ಕಣ್ಣೆತ್ತಲಿಲ್ಲ.

"ಏಳವಾ ದಾನವ್ವಾ, ನಿನ್ನ ಮೈದುನ ಬುತ್ತಿ ತಂದಾನ," ಎಂದು ಕಸ್ತೂರೆವ್ವ ಡಬ್ಬಿಯ ಮುಚ್ಚಳ ತೆಗೆದಳು.

ತೆಗೆದವಳು ಹಾಗೇ ನಿಂತಳು.

ಕಂದು ಬಣ್ಣದ ಉದುರು ಕಾಳು. ಮೇಲೆ ಉಬ್ಬಿದ ದ್ರಾಕ್ಷಿ. ನಡುನಡುವೆ ಗೋಡಂಬಿ. ಕೊಬ್ಬರಿ ತುರಿ. ನಮ್ಮ ಕಡೆ ಹುಟ್ಟಿ ಬೆಳೆದ ಯಾವ ಹೆಂಗಸನ್ನು ಎಬ್ಬಿಸಿ ಕೇಳಿದರೂ ಒಂದೇ ಹೆಸರು ಹೇಳುತ್ತಾಳೆ. ಮಾದಲಿ! ಗೋಧಿ ರವೆಗೆ ಬೆಲ್ಲ ಬೆರೆಸಿ, ದ್ರಾಕ್ಷಿ ಗೋಡಂಬಿ ಹಾಕಿ, ಲಗ್ನಕ್ಕೆ, ಹಬ್ಬಕ್ಕೆ, ಸಂತೋಷ ಹೆಚ್ಚಾದಾಗ ಹಾಲು ತುಪ್ಪದ ಜೊತೆ ಬಡಿಸುವ ಮಾದಲಿ!

"ಶಂಭೂ," ಎಂದಳು ಕಸ್ತೂರೆವ್ವ, ದನಿ ಇಳಿಸಿ. "ಮಾದಲಿ ತಂದೀಯೇನೋ?"

"ಮಾದಲಿ ಅಲ್ಲ ಅತ್ತಿ! ಸಲಾಡ್!"

"ಸಲಾಡ ಅಂದ್ರ ನನಗೂ ಗೊತ್ತೈತಿ. ಹಸಿ ಸೌತಿಕಾಯಿ ಇರ್ತೈತಿ. ಎಲ್ಲೈತಿ ಸೌತಿಕಾಯಿ?"

"ಸೌತಿಕಾಯಿ..." ಶಂಭುಲಿಂಗ ಸುತ್ತ ನೋಡಿದ. ಎರಡು ಡಬ್ಬಿ. ಹೊರಗೆ ಓಡಿ ನೋಡಿದ. ಖಾಲಿ ರಸ್ತೆ. ಒಳಗೆ ಬಂದ. "ಸೌತಿಕಾಯಿ ಆಟೋದಾಗ ಹೋತು ಅತ್ತಿ."

ನಲವತ್ತು ಜನ ಅವನ ಮುಖ ನೋಡಿದರು. ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಾನೆ ಎಂದು ಯಾರಿಗೂ ಹೊಳೆಯಲಿಲ್ಲ.

"ತಿಂದು ನೋಡ್ರಿ ಅತ್ತಿ! ಒಂದು ಚೂರೂ ಸಿಹಿ ಇಲ್ಲ! ಆಣಿ ಮಾಡ್ತೇನಿ!"

ಕಸ್ತೂರೆವ್ವ ಬೆರಳ ತುದಿಯಲ್ಲಿ ಒಂದು ಚಿಟಿಕೆ ತೆಗೆದು ಬಾಯಿಗಿಟ್ಟಳು. ಎಂಬತ್ತೆರಡು ವರ್ಷದ ಬಾಯಲ್ಲಿ ಉಳಿದ ನಾಲ್ಕು ಹಲ್ಲಿಗೆ, ಇಡೀ ಡಬ್ಬಿಯಲ್ಲಿ ಬೇರೇನೂ ಸಿಗದೆ, ಕುದಿನೀರು ಕುಡಿದು ಉಬ್ಬಿದ ಒಂದು ದ್ರಾಕ್ಷಿ ಸಿಕ್ಕಿತು.

"ಶಿವನ! ಸಿಹಿ ಐತಿ!"

ನಡುಮನೆಯಲ್ಲಿ ಗುಜುಗುಜು ಎದ್ದಿತು. ಬಾಗಿಲ ಬಳಿ ಯಾರೋ "ಮೂರು ವರ್ಷದ ಸಿಟ್ಟು ಹಿಂಗ ತೀರಿಸಕೊಂಡ ನೋಡ" ಎಂದದ್ದು ಎಲ್ಲರಿಗೂ ಕೇಳಿಸಿತು. ಐಶ್ವರ್ಯಾ ಎದ್ದು ನಿಂತಳು. ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಕೆಲಗೇರಿ ಕೆರೆಯ ದಂಡೆಯಲ್ಲಿ ಓಡಿದವನು ಇವನೇ.

"ಕಾಕಾ," ಎಂದಳು ಅವಳು. "ನಮ್ಮಪ್ಪ ಸತ್ತದ್ದಕ್ಕ ಸಿಹಿ ಹಂಚಾಕ ಬಂದೀರೇನು?"

ಇಲ್ಲಿ ಸುಮ್ಮನಿದ್ದರೆ ಶಂಭುಲಿಂಗ ಉಳಿಯುತ್ತಿದ್ದ. ಕಾಲಿಗೆ ಬಿದ್ದಿದ್ದರೂ ಉಳಿಯುತ್ತಿದ್ದ. ಆದರೆ ಗಾಬರಿಯಾದಾಗ ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಭಾಷಣ.

"ಸಿಹಿ ಅಲ್ಲ ಐಶ್ವರ್ಯಾ, ಆರೋಗ್ಯ! ಇದು ಆರೋಗ್ಯ! ಆ ತುಪ್ಪ, ಆ ಎಣ್ಣಿ, ಆ ಮಿರ್ಚಿ ಬಿಟ್ಟು ನಿಮ್ಮಪ್ಪ ಇಂಥಾದ್ದು ತಿಂದಿದ್ರ, ಇಂಥಾದ್ದು ಮಾಡಿ ಹಾಕಿದ್ರ, ಇವತ್ತ ಅಂವ..."

ಕರುಣಾಳ ಪ್ಲಾಸ್ಟರಿನ ಕೈ ಅವನ ಪಕ್ಕೆಗೆ ಬಂದು ಗುದ್ದಿತು. ತಡವಾಗಿತ್ತು. ಮಾಡಿ ಹಾಕುತ್ತಿದ್ದವಳು ಗೋಡೆಗೆ ಒರಗಿ ಕೂತಿದ್ದಳು.

ದಾನವ್ವ ತಲೆ ಎತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ ಮೈದುನನ ಮುಖ ನೋಡಿದಳು. ಶಂಭುಲಿಂಗನಿಗೆ ನೆಲ ಬಾಯಿ ತೆರೆದರೆ ಒಳ್ಳೆಯದಿತ್ತು ಅನ್ನಿಸಿತು.

"ಇಂಥಾದ್ದು ತಿಂದಿದ್ರ?" ಎಂದಳು ಅವಳು.

ಗೋಡೆ ಹಿಡಿದು ಎದ್ದಳು. ಐಶ್ವರ್ಯಾ ಹಿಡಿಯಲು ಬಂದರೆ ಕೈ ಬಿಡಿಸಿಕೊಂಡಳು. ಡಬ್ಬಿಯ ಹತ್ತಿರ ಬಂದು ಒಂದು ಹಿಡಿ ಕಾಳು ತೆಗೆದು, ಮತ್ತೆ ಡಬ್ಬಿಗೇ ಉದುರಿಸಿದಳು.

"ಕಸ್ತೂರತ್ತಿ, ಇದು ಮಾದಲಿ ಅಲ್ಲರಿ. ಐಶೂ, ಒಳಗ ಹೋಗು. ಅಡಗಿಮನಿ ಮ್ಯಾಲಿನ ಫಳಿ ಮ್ಯಾಲ, ರಾಗಿ ಡಬ್ಬಿ ಹಿಂದ ಐತಿ. ತಗೊಂಡ ಬಾ."

ಐಶ್ವರ್ಯಾ ತಂದದ್ದು ಒಂದು ಹಸಿರು ಪಾಕೀಟು. ಅರ್ಧ ಖಾಲಿ. ಬಾಯಿಗೆ ಬಟ್ಟೆ ಒಣಹಾಕುವ ಚಿಮಟಿ ಕಚ್ಚಿಸಿತ್ತು. ಶಂಭುಲಿಂಗ ಆ ಪಾಕೀಟನ್ನು ಕತ್ತಲಲ್ಲಿಯೂ ಗುರುತು ಹಿಡಿಯಬಲ್ಲ.

"ವರ್ಷಾತು," ಎಂದಳು ದಾನವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ದಿನಾ ಇದಕ್ಕ ಬಿಸಿನೀರು ಹಾಕಿ, ಸೌತಿಕಾಯಿ ಹೆಚ್ಚಿ ಕೊಟ್ಟೇನಿ. ತುಪ್ಪ ಮುಟ್ಟಿ ವರ್ಷಾತು ಅವರು. ಮಿರ್ಚಿ ಕರಿಯೋ ವಾಸನಿ ಬಂದ್ರ ಬ್ಯಾರೆ ಓಣಿ ಹಿಡಿದು ಬರ್ತಿದ್ರು. ಕೆರಿ ಸುತ್ತಲೂ ದಿನಾ ಎರಡು ಸುತ್ತು. ಎದಿ ನೋವು ಬಂದಾಗಿಂದ ಡಾಕ್ಟರು ಹೇಳಿದ್ದೆಲ್ಲಾ ಮಾಡಿದ್ರು. ಆದ್ರೂ ಹೋದ್ರು. ನಿನಗೆಲ್ಲಿಂದ ಗೊತ್ತಿರಬೇಕು ಶಂಭು? ನೀ ಬಂದಿದ್ರ ಗೊತ್ತಾಗತಿತ್ತು."

ಒಂದು ವರ್ಷದಿಂದ ಮಿರ್ಚಿ ಬಿಟ್ಟ ಮನುಷ್ಯನನ್ನು ಶಂಭುಲಿಂಗ ಮಿರ್ಚಿಯಿಂದ ಸತ್ತ ಎಂದು ಊರ ತುಂಬ ಹೇಳಿ ಬಂದಿದ್ದ. ಅಣ್ಣ ಏನು ಉಣ್ಣುತ್ತಿದ್ದ, ಎಲ್ಲಿ ನಡೆಯುತ್ತಿದ್ದ, ಎದೆ ನೋವು ಎಂದು ಯಾವಾಗ ಕೂತ, ಒಂದೂ ಇವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬರೀ ಮೂರು ವರ್ಷದ ಹಿಂದಿನ ಅಣ್ಣ.

"ಕೂಡು," ಎಂದಳು ದಾನವ್ವ.

"ವೈನಿ..."

"ಕೂಡು ಅಂದೆನಲ್ಲಾ. ತಂದಾಂವ ನೀನು. ಮೊದಲ ನೀ ಉಣ್ಣು."

ಅವನು ಕೂತ. ದಾನವ್ವ ಒಂದು ತಾಟು ಎಳೆದು ಅದರ ತುಂಬ ಕುಸ್‌ಕುಸ್ ಬಡಿಸಿದಳು. ಬಡಿಸಿ ಅವನೆದುರು ನೆಲದ ಮೇಲೆ ಕೂತಳು. ಏಳನೆಯ ಇಯತ್ತೆಯ ಹುಡುಗ ಊಟ ಬಿಟ್ಟು ಓಡಬಾರದೆಂದು ಹೀಗೆಯೇ ಎದುರು ಕೂಡುತ್ತಿದ್ದಳು.

ಮಾಸ್ತರ ಒಂದು ತುತ್ತು ಬಾಯಿಗಿಟ್ಟ. ಉಪ್ಪಿಲ್ಲ. ಹುಳಿಯಿಲ್ಲ. ಖಾರವಿಲ್ಲ. ಐದು ತಾಸು ಡಬ್ಬಿಯಲ್ಲಿ ಕೂತ ಕಾಳು ಬಾಯ ತುಂಬ ಹರಡಿ ಗಂಟಲ ಹತ್ತಿರ ಹೋಗಲು ಒಪ್ಪಲಿಲ್ಲ. ಇನ್ನೊಂದು ತುತ್ತು. ಮತ್ತೊಂದು. ನಲವತ್ತು ಜನ ನೋಡುತ್ತಿದ್ದರು. ನುಂಗುವ ಸಪ್ಪಳ ಬಾಗಿಲವರೆಗೆ ಕೇಳುತ್ತಿತ್ತು. ಕಣ್ಣೀರು ತಾಟಿಗೆ ಬಿತ್ತು.

"ಹೆಂಗೈತಿ?" ಎಂದಳು ದಾನವ್ವ.

ಶಂಭುಲಿಂಗ ಹೆಂಡತಿಯ ಕಡೆ ನೋಡಿದ. ಫೋಟೋದ ಕಡೆ ನೋಡಿದ. ಇಪ್ಪತ್ತಾರು ವರ್ಷ ಕೂಗಿದ ದನಿ ಎಲ್ಲಿಯೋ ಅಡಗಿತ್ತು.

"ಸೇರವಲ್ದು ವೈನಿ."

"ಉಪ್ಪಿಲ್ಲ, ಅದಕ್ಕ."

"ಉಪ್ಪು ಹಾಕಿದ್ರೂ ಸೇರಂಗಿಲ್ರಿ. ಒಂದು ದಿನಾನೂ ಸೇರಿಲ್ಲ. ಡೌಲಿಗೆ ತಿಂದೇನಿ. ಛಲೋ ಐತಿ ಛಲೋ ಐತಿ ಅಂತ ಎಲ್ಲಾರ ಮುಂದ ಹೇಳಿಬಿಟ್ಟಿದ್ದೆ, ಬಿಡಾಕ ನಾಚಿಕಿ ಬಂತು."

"ಅಯ್ಯ ಶಿವನ!" ಎಂದಳು ಕರುಣಾ, ಅಳುವುದನ್ನು ನಿಲ್ಲಿಸಿ. "ಒಂದೂವರಿ ವರ್ಷಾ ದಿನಾ ಸೌತಿಕಾಯಿ ಹೆಚ್ಚಿ ಕೊಟ್ಟೇನಲ್ರೀ ನಾನು!"

ದಾನವ್ವ ತಾಟಿನ ಅಂಚಿಗೆ ಬಿದ್ದ ಕಾಳನ್ನು ಬೆರಳಿಂದ ಒಳಗೆ ಸರಿಸಿದಳು. ಆಮೇಲೆ ಹೇಳಿದಳು:

"ಅವರಿಗೂ ಸೇರ್ತಿದ್ದಿಲ್ಲ."

"ಮತ್ತ... ಮತ್ತ ಯಾಕ ತಿಂದ ಅಣ್ಣ? ಡಾಕ್ಟರು ಹೇಳಿದ್ರೇನು?"

"ಡಾಕ್ಟರು ಮುದ್ದಿ, ರೊಟ್ಟಿ, ಪಲ್ಯ ಉಣ್ರಿ ಅಂದಿದ್ರು. ಇದನ್ನ ಯಾರು ಹೇಳಿದ್ರು? ಗೌಸಮೊದ್ದೀನ ಹೇಳಿದ್ದನಂತ, ನಿಮ್ಮ ತಮ್ಮಗ ಇದು ಭಾಳ ಸೇರತೈತ್ರಿ, ದಿನಾ ಇದನ್ನ ಉಣ್ತಾರ ಅಂತ. ಅವತ್ತ ಒಂದು ಪಾಕೀಟು ಹಿಡಕೊಂಡ ಬಂದ್ರು. ಹುಚ್ಚ ಹಿಡದೈತೇನ್ರಿ ನಿಮಗ ಅಂದೆ. ಆ ಮಗ ಮನಿಗಂತೂ ಬರವಲ್ಲ, ಅಂವ ಉಣ್ಣೂದನ್ನರ ಉಣ್ತೇನಿ ಬಿಡ, ಅಂದ್ರು."

ಶಂಭುಲಿಂಗ ತಾಟಿನ ಮೇಲೆ ಬಗ್ಗಿದ. ಅಣ್ಣನನ್ನು ಹೊತ್ತಾಗ ಬರದ, ಮಣ್ಣು ಹಾಕುವಾಗ ಬರದ ಅಳು ಈಗ ಬಂತು. ಬಾಯಲ್ಲಿದ್ದ ಕಾಳು ನುಂಗಲೂ ಆಗದೆ, ಉಗುಳಲೂ ಆಗದೆ, ಐವತ್ತು ವರ್ಷದ ಪಿ.ಟಿ. ಮಾಸ್ತರ ಎಲ್ಲರೆದುರು ಹುಡುಗನಂತೆ ಬಿಕ್ಕಿಬಿಕ್ಕಿ ಅತ್ತ. ಯಾರೂ ಅವನನ್ನು ಸುಮ್ಮನಿರಿಸಲು ಬರಲಿಲ್ಲ. ಕಸ್ತೂರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ದಾನವ್ವ ಅವನ ತಾಟಿಗೇ ಕೈ ಹಾಕಿದಳು. ಒಂದು ತುತ್ತು ತೆಗೆದು ತನ್ನ ಬಾಯಿಗಿಟ್ಟಳು. ಅಗಿದಳು. ಕಣ್ಣು ಮುಚ್ಚಿ ಕಷ್ಟಪಟ್ಟು ನುಂಗಿದಳು. ಎರಡು ದಿನದಲ್ಲಿ ಅವಳ ಹೊಟ್ಟೆಗೆ ಹೋದ ಮೊದಲ ಅನ್ನ ಅದು. ಐಶ್ವರ್ಯಾ ಓಡಿ ಹೋಗಿ ನೀರು ತಂದಳು. ಒಂದು ಗುಟುಕು ಕುಡಿದು, ದಾನವ್ವ ತಂಬಿಗೆಯನ್ನು ಮೈದುನನ ಕಡೆ ಸರಿಸಿದಳು.

"ಶಂಭು," ಎಂದಳು. "ನಾಳಿ ಬಾ. ನಾಡದೂ ಬಾ. ದಿನಾ ಬಾ." ಡಬ್ಬಿಯ ಕಡೆ ಒಮ್ಮೆ ನೋಡಿ, ಕೈ ಜೋಡಿಸಿದಳು. "ಆದ್ರ ಏನೂ ತರಬ್ಯಾಡ."